ಎಲ್ಲಿಂದ ಬಂತು ಅನ್ನೋ ಪ್ರಶ್ನೆ

ಎಚ್‌ಪಿವಿ, ಅಂದ್ರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದರಲ್ಲಿ 200ಕ್ಕೂ ಹೆಚ್ಚು ವಿಧಗಳಿವೆ, ಸುಮಾರು 40 ಜನನಾಂಗದ ಭಾಗಕ್ಕೆ ತಗಲುತ್ತವೆ. ಲೈಂಗಿಕ ಸಂಪರ್ಕ ಇರುವ ಹೆಚ್ಚಿನವರಿಗೆ, ಗಂಡಸರಿಗೂ ಹೆಂಗಸರಿಗೂ, ಜೀವನದಲ್ಲಿ ಒಮ್ಮೆಯಾದರೂ ಇದು ಬಂದಿರುತ್ತೆ. ಸಾಮಾನ್ಯವಾಗಿ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಇಷ್ಟು ಕಾಮನ್ ಆಗಿರೋದರ ಹೆಸರು ಹೇಳೋಕೆ ನಮ್ಮ ಮನೆಗಳಲ್ಲಿ ಬಾಗಿಲು ಹಾಕ್ಕೋಬೇಕು.

ಹೋದ ವರ್ಷ ನಮ್ಮ ಚಿಕ್ಕಮ್ಮನ ಟೆಸ್ಟ್ ಪಾಸಿಟಿವ್ ಬಂತು. ಕ್ಯಾನ್ಸರ್ ಏನೂ ಇರಲಿಲ್ಲ. ಆದರೂ ಮನೇಲಿ ಎದ್ದ ಮೊದಲ ಪ್ರಶ್ನೆ "ಮುಂದೇನು ಮಾಡ್ಬೇಕು?" ಅಂತ ಅಲ್ಲ, "ಇದು ಎಲ್ಲಿಂದ ಬಂತು?" ಅಂತ. ಚಿಕ್ಕಪ್ಪ, ಚಿಕ್ಕಮ್ಮ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಆಗ ನಾನು ಇದರ ಬಗ್ಗೆ ಓದೋಕೆ ಶುರು ಮಾಡಿದೆ.

ಓದಿದ ಮೇಲೆ ಅರ್ಥವಾಗಿದ್ದು ಇಷ್ಟು: ಆ ಪ್ರಶ್ನೆಗೆ ಟೆಸ್ಟಿನಲ್ಲಿ ಉತ್ತರವೇ ಇಲ್ಲ. ಈ ವೈರಸ್ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯದಿಂದ ಒಳಗೆ ಹೋಗಿ, ಕೆಳಪದರದ ಜೀವಕೋಶಗಳಲ್ಲಿ ಕೂತ್ಕೊಳ್ಳುತ್ತೆ. ರಕ್ತದಲ್ಲಿ ಓಡಾಡಲ್ಲ. ಆ ಕೋಶಗಳು ಮೇಲ್ಪದರಕ್ಕೆ ಬಂದು, ಹೇಗೂ ಉದುರಿಹೋಗುವ ಹೊತ್ತಿಗೆ ಮಾತ್ರ ತನ್ನ ಸಂಖ್ಯೆಯನ್ನ ಜೋರಾಗಿ ಹೆಚ್ಚಿಸಿಕೊಳ್ಳುತ್ತೆ. ಜೀವಕೋಶವನ್ನು ಒಡೆಯಲ್ಲ, ಉರಿ-ಊತ ತರಲ್ಲ. ಹಾಗಾಗಿ ನಮ್ಮ ರೋಗನಿರೋಧಕ ಶಕ್ತಿಗೆ ಸುದ್ದಿ ಮುಟ್ಟೋದೇ ತಡ. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ, ಎರರ್ ಮೆಸೇಜ್ ಕೊಡದ ಬಗ್.

ಆದರೂ 10ರಲ್ಲಿ ಸುಮಾರು 9 ಸೋಂಕುಗಳನ್ನ ಎರಡು ವರ್ಷದೊಳಗೆ ದೇಹವೇ ಹತೋಟಿಗೆ ತರುತ್ತೆ. ಉಳಿದವು ವರ್ಷಗಟ್ಟಲೆ ಇರುತ್ತವೆ. ಸಿಗರೇಟು, ಕುಗ್ಗಿದ ರೋಗನಿರೋಧಕ ಶಕ್ತಿ ಇವಕ್ಕೆ ಅನುಕೂಲ. ಕೆಲವು ಸಲ ಟೆಸ್ಟಿಗೂ ಸಿಗದಷ್ಟು ಕಡಿಮೆಯಾಗಿ, ಎಷ್ಟೋ ವರ್ಷದ ಮೇಲೆ ಮತ್ತೆ ತಲೆ ಎತ್ತುತ್ತೆ. ಅಂದಮೇಲೆ ಇವತ್ತಿನ ಪಾಸಿಟಿವ್ ಹೋದ ತಿಂಗಳದ್ದೋ, ಇಪ್ಪತ್ತು ವರ್ಷ ಹಳೆಯದೋ, ಯಾರಿಂದ ಯಾರಿಗೆ ಬಂತೋ ಹೇಳೋಕಾಗಲ್ಲ. ಅದು ಯಾರ ನಡತೆಯ ಸರ್ಟಿಫಿಕೇಟೂ ಅಲ್ಲ. ಡಾಕ್ಟರ್ ಹೀಗೆ ಬಿಡಿಸಿ ಹೇಳಿದ ಮೇಲೇ ಮನೇಲಿ ಮಾತು ಶುರುವಾಗಿದ್ದು.

ನಿಜವಾಗಿ ಹೆದರಬೇಕಾದ್ದು ಹೋಗದೆ ಉಳಿಯುವ ಸೋಂಕಿಗೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಬರುವುದು 16 ಮತ್ತು 18 ಅನ್ನೋ ಎರಡು ವಿಧಗಳಿಂದ. ಆದರೆ ಸೋಂಕು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ಸಮಯ ನಮ್ಮ ಕೈಲಿದೆ. ಅಮ್ಮಂದಿರಿಗೆ ಸ್ಕ್ರೀನಿಂಗ್ ಮಾಡಿಸಬಹುದು. ನಮಗೆ ಲಸಿಕೆ ಇದೆ, ಪುಣೆಯಲ್ಲೇ ತಯಾರಾಗುವ ಸರ್ವಾವ್ಯಾಕ್ ಕೂಡ ಇದೆ. ಈಗಾಗಲೇ ಇರುವ ಸೋಂಕನ್ನ ಲಸಿಕೆ ಓಡಿಸಲ್ಲ, ಹಾಗಾಗಿ ಬೇಗ ಹಾಕಿಸಿಕೊಂಡಷ್ಟೂ ಒಳ್ಳೇದು. ಹುಡುಗರೂ ಹಾಕಿಸಿಕೊಳ್ಳಬಹುದು.

ಈ ಸಲ ರಜೆಗೆ ಊರಿಗೆ ಹೋದಾಗ ಅಮ್ಮನ ಹತ್ರ ಒಂದು ಮಾತು ಕೇಳಿ: "ಅಮ್ಮಾ, ಆ ಟೆಸ್ಟ್ ಮಾಡಿಸಿದ್ದೀಯಾ?"