ಡಬ್ಬಿ ಹುಡುಕಲು ಜಿಪಿಎಸ್ ಕೊಂಡ ಕಥೆ

"ಮೊಬೈಲ್‌ನಲ್ಲೇ ಜಿಪಿಎಸ್ ಇರುವಾಗ ಇದೊಂದು ಬೇರೆ ಯಾಕೆ?"

ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಳ್ಳುತ್ತೇನೆ ಅಂದಾಗ ಹತ್ತರಲ್ಲಿ ಒಂಬತ್ತು ಜನ ಕೇಳಿದ ಪ್ರಶ್ನೆ ಇದು. ಹತ್ತನೆಯವರು ನಮ್ಮಪ್ಪ. ಅವರು "ಎಷ್ಟಾಗ್ತದೆ?" ಅಂತ ಮಾತ್ರ ಕೇಳಿದರು. ನನ್ನ ಒಂದು ತಿಂಗಳ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತಿತ್ತು. ತಾಲೂಕು ವರದಿಗಾರನ ಸಂಬಳ ಎಷ್ಟಿರುತ್ತದೆ ಅಂತ ಇಲ್ಲಿ ಬರೆಯುವ, ಓದುವ ಗೆಳೆಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ನಮ್ಮ ಬ್ಯಾಚಿನವನೇ ಆದ, ಈಗ ಜಲಾನಯನ ಯೋಜನೆಯೊಂದರಲ್ಲಿ ಕೆಲಸ ಮಾಡುವ ಗೆಳೆಯನನ್ನು ಜೊತೆಗೆ ಸೇರಿಸಿಕೊಂಡೆ. ಅರ್ಧ ದುಡ್ಡು ಅವನದು, ಅರ್ಧ ನನ್ನದು. ಅರ್ಧರ್ಧ ಹಾಕಿದರೂ ಅದು ಇಬ್ಬರಿಗೂ ಸಣ್ಣ ಮೊತ್ತವಲ್ಲ. ಆದ್ದರಿಂದ ನೋಡದೆ, ಅಳೆಯದೆ ಕೊಳ್ಳಬಾರದು ಅಂತ ತೀರ್ಮಾನಿಸಿದೆವು.

ಬೇಕಾದದ್ದು ಜಿಯೋಕ್ಯಾಶಿಂಗ್‌ಗೆ. ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕ, ಪೆನ್ಸಿಲ್ಲು, ಒಂದಿಷ್ಟು ಸಣ್ಣ ಸಾಮಾನು ಹಾಕಿ ಎಲ್ಲೋ ಮರೆಯಾಗಿ ಇಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಇಂಟರ್ನೆಟ್‌ನಲ್ಲಿ ಹಾಕುತ್ತಾರೆ. ಉಳಿದವರು ಅದನ್ನು ಹುಡುಕಿಕೊಂಡು ಹೋಗಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಒಳಗಿನ ಸಾಮಾನು ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಇನ್ನೊಂದನ್ನು ಹಾಕಬೇಕು. ಆಟ ಇಷ್ಟೇ.

ಇದು ಹುಟ್ಟಿದ್ದೂ ಒಂದು ಸ್ವಾರಸ್ಯ. 2000ದ ಮೇ ತಿಂಗಳವರೆಗೆ ಅಮೆರಿಕ ಸರಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಮೇ ಮೊದಲ ವಾರ ಅದನ್ನು ನಿಲ್ಲಿಸಿದರು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಹೊರವಲಯದ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್‌ಗೆ ಹಾಕಿದರು. ಕೆಲವೇ ದಿನಗಳಲ್ಲಿ ಅದು ಸಿಕ್ಕಿತು. 2013ರಲ್ಲಿ ಲೋಕದಲ್ಲಿ ಇಂಥ ಡಬ್ಬಿಗಳ ಸಂಖ್ಯೆ 20 ಲಕ್ಷ ದಾಟಿತ್ತು. ಘಟ್ಟದ ಕೆಳಗಿನ ನಮ್ಮ ತಾಲೂಕಿನಲ್ಲಿ ಆಗ ಒಂದೂ ಇರಲಿಲ್ಲ. ಮೊದಲನೆಯದನ್ನು ನಾವೇ ಇಡೋಣ ಅಂತ ನಮ್ಮ ಆಸೆಯಾಗಿತ್ತು.

ಮೊಬೈಲ್ ಸಾಲದೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕಿತ್ತು. ಗೆಳೆಯನ ಆಫೀಸಿನಲ್ಲಿ ಗಾರ್ಮಿನ್ ಕಂಪನಿಯ ಹಳೆಯ 60ಸಿಎಸ್‌ಎಕ್ಸ್ ಇತ್ತು, ಮೇಲೆ ದಪ್ಪ ಕೋಡಿನಂಥ ಆಂಟೆನಾ ಇರುವಂಥದ್ದು. ಕಪ್ಪೆಗಳ ಮೇಲೆ ಸಂಶೋಧನೆ ಮಾಡುವ ಪರಿಚಯದ ವಿದ್ಯಾರ್ಥಿಯೊಬ್ಬರು ತಮ್ಮ ಇಟ್ರೆಕ್ಸ್ 10 ಅನ್ನು ಎರಡು ದಿನಕ್ಕೆ ಕೊಟ್ಟರು. ಮೂರನೆಯದು ನನ್ನ ಅಗ್ಗದ ಆಂಡ್ರಾಯ್ಡ್ ಫೋನು. ಮನೆಯ ಅಂಗಳ, ಅಡಿಕೆ ತೋಟ, ತೋಟದಾಚೆಯ ಕಾಡಿನ ತೋಡು, ಹೀಗೆ ಮೂರು ಕಡೆ ಒಂದೊಂದು ಕಲ್ಲು ಗುರುತು ಮಾಡಿ, ಬೇರೆ ಬೇರೆ ಹೊತ್ತಿನಲ್ಲಿ ಐದೈದು ಸಲ ಅದೇ ಕಲ್ಲಿನ ಮೇಲೆ ಮೂರನ್ನೂ ಇಟ್ಟು ಅಂಕಿ ಬರೆದುಕೊಂಡೆವು.

ಅಂಗಳದಲ್ಲಿ ಮೂರಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ತೋಟದೊಳಗೆ ಫೋನು ತಡವರಿಸಿತು. ತೋಡಿನ ಹತ್ತಿರ ಅದು ಒಮ್ಮೆ ನಾವಿದ್ದ ದಡ ತೋರಿಸಿದರೆ ಇನ್ನೊಮ್ಮೆ ಆಚೆ ದಡ ತೋರಿಸಿತು. ಉಳಿದೆರಡು ಹತ್ತು ಮೀಟರಿನೊಳಗೆ ಉಳಿದವು.

ಯಾಕೆ ಹೀಗೆ ಅಂತ ಓದಿದಾಗ ಗೊತ್ತಾದದ್ದು: ಜಾಗ ಹೇಳಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಅವು ಇರುವುದು 20,200 ಕಿ.ಮೀ. ಎತ್ತರದಲ್ಲಿ. ಕೆಳಗೆ ಬರುವಾಗ ಸಂಕೇತ ತೀರಾ ಕ್ಷೀಣವಾಗಿರುತ್ತದೆ. ನೆನೆದ ಎಲೆಗಳ ಚಪ್ಪರ ಅದನ್ನು ಇನ್ನಷ್ಟು ಹೀರುತ್ತದೆ, ಬಂಡೆಗೆ ಬಡಿದು ಬಂದ ಸಂಕೇತ ಲೆಕ್ಕ ತಪ್ಪಿಸುತ್ತದೆ. ಉಪಗ್ರಹ ಎಲ್ಲಿದೆ ಎಂಬ ಮಾಹಿತಿಯನ್ನು ಫೋನು ಸಾಮಾನ್ಯವಾಗಿ ಮೊಬೈಲ್ ಟವರ್ ಮೂಲಕ ಬೇಗ ತರಿಸಿಕೊಳ್ಳುತ್ತದೆ. ಟವರ್ ಸಿಗದ ಕಡೆ ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಒಂದು ಉಪಗ್ರಹ ತನ್ನ ವಿವರ ಹೇಳಿ ಮುಗಿಸಲು 30 ಸೆಕೆಂಡ್, ಎಲ್ಲ ಉಪಗ್ರಹಗಳ ಪಂಚಾಂಗ ಇಳಿಯಲು 12.5 ನಿಮಿಷ. ನಡುವೆ ಸಂಕೇತ ತುಂಡಾದರೆ ಮತ್ತೆ ಕಾಯಬೇಕು. ಕಾಡಿನಲ್ಲಿ ಫೋನು ಸುತ್ತಿಗೆ ಬಿದ್ದ ಹಾಗೆ ತಿರುಗುತ್ತಾ ಕೂರುವುದು ಇದಕ್ಕೇ. ಅಷ್ಟರಲ್ಲಿ ಬ್ಯಾಟರಿ ಅರ್ಧಕ್ಕೆ ಬಂದಿರುತ್ತದೆ. ಆಮೇಲೆ ದಾರಿ ತಪ್ಪಿದರೆ ಮನೆಗೆ ಫೋನ್ ಮಾಡುವುದಕ್ಕೂ ಅದೇ ಬ್ಯಾಟರಿ ಬೇಕಲ್ಲ.

ಅಂತೂ ಬೇರೆ ಉಪಕರಣ ಬೇಕು ಅಂತಾಯಿತು. ಯಾವುದು? ಪಟ್ಟಿಯಲ್ಲಿ ನಾಲ್ಕು ಉಳಿದವು: ಇಟ್ರೆಕ್ಸ್ 10, 20, 30 ಮತ್ತು ಜಿಪಿಎಸ್‌ಮ್ಯಾಪ್ 62ಎಸ್.

62ಎಸ್ ನೋಡಲು ಗಟ್ಟಿ, ಪರದೆ 2.6 ಇಂಚು, ಆಂಟೆನಾ ಚೆನ್ನಾಗಿದೆ. ಬೆಲೆ ಕೇಳಿ ವಾಪಸ್ ಇಟ್ಟೆವು. ಇಟ್ರೆಕ್ಸ್ ಮೂರಕ್ಕೂ 2.2 ಇಂಚಿನ ಪರದೆ. ಮೂರೂ ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಹಿಡಿಯುತ್ತವೆ. ಎರಡೂ ಕಡೆ ಗುಡ್ಡ ಎದ್ದು ಆಕಾಶ ಒಂದು ಸೀಳಿನಷ್ಟೇ ಕಾಣುವ ನಮ್ಮ ಕಣಿವೆಗಳಲ್ಲಿ ಇದು ದೊಡ್ಡ ಅನುಕೂಲ. ಮೂರಕ್ಕೂ ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲು ಎರಡು ಸಾಕು. ಕಂಪನಿ 25 ಗಂಟೆ ಬರುತ್ತದೆ ಅನ್ನುತ್ತದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ ಊರಿನವನಿಗೆ ಇದರ ಬೆಲೆ ಗೊತ್ತು. ಚಾರ್ಜರ್ ಹುಡುಕಬೇಕಿಲ್ಲ, ಯಾವ ಗೂಡಂಗಡಿಯಲ್ಲಾದರೂ ಸೆಲ್ಲು ಸಿಗುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ತಡೆಯುತ್ತದೆ ಎಂಬುದೂ ಮೂರಕ್ಕೂ ಸಮಾನ.

ಇಟ್ರೆಕ್ಸ್ 10ರದ್ದು ಕಪ್ಪು ಬಿಳುಪು ಪರದೆ. ಬೇರೆ ನಕ್ಷೆ ತುಂಬಿಸಲು ಬರುವುದಿಲ್ಲ, ಮೆಮರಿ ಕಾರ್ಡ್ ಹಾಕುವ ಜಾಗವಿಲ್ಲ. ಬರೀ ಡಬ್ಬಿ ಹುಡುಕಲು ಅದೂ ಸಾಕು. 30ರಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸಾಧನ ಇವೆ. ದಿಕ್ಸೂಚಿ ಇಲ್ಲದ ಉಪಕರಣ ನಾವು ನಡೆಯುತ್ತಿದ್ದರೆ ಮಾತ್ರ ದಿಕ್ಕು ಸರಿಯಾಗಿ ತೋರಿಸುತ್ತದೆ, ನಿಂತರೆ ಬಾಣ ಎತ್ತೆತ್ತಲೋ ತಿರುಗುತ್ತದೆ. ಡಬ್ಬಿ ಹತ್ತು ಹೆಜ್ಜೆ ದೂರದಲ್ಲಿದೆ ಅನ್ನುವಾಗ ಇದೊಂದು ಕಿರಿಕಿರಿ. ಆದರೆ ನಮ್ಮಲ್ಲಿ ಶಾಲಾ ದಿನಗಳ ಒಂದು ಸಾದಾ ದಿಕ್ಸೂಚಿ ಇತ್ತು. ನಮ್ಮ ಕಡೆ ಅದರ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಇನ್ನು ಎತ್ತರದ ಸಾಧನ, ಹವೆ ಬದಲಾದರೆ ಕೂತಲ್ಲೇ ಎತ್ತರ ಬದಲಾಯಿಸುತ್ತದೆ. ಒಂದು ಮಿಲಿಬಾರ್ ಒತ್ತಡ ಕಡಿಮೆಯಾದರೆ ಸುಮಾರು ಎಂಟು ಮೀಟರ್ ಮೇಲೇರಿದಂತೆ ತೋರಿಸುತ್ತದೆ. ಜೂನ್ ತಿಂಗಳಲ್ಲಿ ನಮ್ಮೂರಿನ ಮೋಡ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹೀಗೆ ಕೊನೆಗೆ ಇಟ್ರೆಕ್ಸ್ 20 ಉಳಿಯಿತು. ಬಣ್ಣದ ಪರದೆ, ಕಾರ್ಡ್ ಹಾಕಬಹುದು, ಓಪನ್ ಸ್ಟ್ರೀಟ್ ಮ್ಯಾಪ್‌ನ ನಕ್ಷೆಯನ್ನು ಪುಕ್ಕಟೆ ತುಂಬಿಸಬಹುದು. ಆ ನಕ್ಷೆಯಲ್ಲಿ ನಮ್ಮೂರು ಆಗ ಬರೀ ಖಾಲಿ ಬಯಲು, ಒಂದು ಡಾಂಬರು ರಸ್ತೆ ಬಿಟ್ಟರೆ ಏನಿರಲಿಲ್ಲ. ನಾವು ನಡೆದ ದಾರಿಯನ್ನು ಇದರಿಂದಲೇ ತೆಗೆದು ಅಲ್ಲಿ ಸೇರಿಸಬಹುದು ಎಂಬುದು ಗೆಳೆಯನಿಗೆ ಹಿಡಿಸಿದ ಸಂಗತಿ.

ಉಪಕರಣ ಬಂದು ವಾರ ಆಗಿರಲಿಲ್ಲ, ಮಾವ ಮನೆಗೆ ಬಂದರು. ಅವರಿಗೂ ಪಕ್ಕದ ತೋಟದವರಿಗೂ ಗಡಿ ವಿಷಯದಲ್ಲಿ ಇಪ್ಪತ್ತು ವರ್ಷದ ಮನಸ್ತಾಪ. ಮದುವೆ, ಬೊಜ್ಜಕ್ಕೂ ಆಚೀಚೆ ಹೋಗುವುದಿಲ್ಲ.

"ಅಲ್ಲ ಮಾರಾಯ, ಆಕಾಶದಿಂದ ನೋಡಿ ಹೇಳುವ ಮಿಷನು ಅಂತೆ. ನಮ್ಮ ಗಡಿ ಎಲ್ಲಿ ಬರ್ತದೆ ಅಂತ ಹೇಳುವುದಿಲ್ಲವಾ?"

"ಅಷ್ಟು ಸರಿಯಾಗಿ ಹೇಳುವುದಿಲ್ಲ ಮಾವ."

"ಡಬ್ಬಿ ಸಿಗ್ತದೆ ಅಂದ ಮೇಲೆ ಗಡಿಕಲ್ಲು ಸಿಗದೇ ಇರ್ತದಾ? ನೀನು ಪೇಪರಿನವ ಬೇರೆ. ಒಂದು ಪ್ರಿಂಟು ತೆಗೆದು ಕೊಡು, ಸಾಕು."

ಆ ಪ್ರಿಂಟು ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ನಾಳೆ ಪಂಚಾಯ್ತಿ ಕಟ್ಟೆಯಲ್ಲಿ ಅದು ಸಾಕ್ಷಿಯಾಗುತ್ತದೆ. ಅಂಕಿ, ಅಂಶ, ಉಪಗ್ರಹ ಅಂದರೆ ಎದುರು ಮಾತಾಡುವವರಿಲ್ಲ. ಬರೀ ಬಾಯಲ್ಲಿ ಇಲ್ಲ ಅಂದರೆ ಮಾವ ನಂಬುವವರಲ್ಲ. ಅವರನ್ನು ಕರೆದುಕೊಂಡು ತೋಟಕ್ಕೇ ಹೋದೆ. ಎರಡೂ ಕಡೆಯವರು ಒಪ್ಪುವ ಒಂದೇ ಒಂದು ಮೂಲೆಕಲ್ಲು ಅಲ್ಲಿದೆ. ಅದರ ಮೇಲೆ ಉಪಕರಣ ಇಟ್ಟು ಗುರುತು ಹಾಕಿದೆ. ಕಾಫಿ ಕುಡಿದು ಬಂದು ಮತ್ತೆ ಹಾಕಿದೆ. ಸಂಜೆಯೊಳಗೆ ಹೀಗೆ ಐದು ಸಲ. ಆಮೇಲೆ ಪರದೆಯನ್ನು ದೊಡ್ಡದು ಮಾಡಿ ತೋರಿಸಿದೆ. ಐದು ಗುರುತುಗಳು ಐದು ಕಡೆ. ಎರಡು ಮಾವನ ತೋಟದಲ್ಲಿ, ಮೂರು ಪಕ್ಕದವರ ತೋಟದಲ್ಲಿ.

"ಅಡಿಕೆ ಸಾಲಿನ ಅಂತರ ಎಷ್ಟು ಮಾವ?"

"ಒಂಬತ್ತು ಅಡಿ."

"ಇದು ತಪ್ಪಿದರೆ ಹತ್ತು ಅಡಿ ತಪ್ಪುತ್ತದೆ. ಅಂದರೆ ಒಂದು ಸಾಲು ಅಡಿಕೆ. ಡಬ್ಬಿ ಹುಡುಕುವವ ಹತ್ತು ಅಡಿ ಸುತ್ತಮುತ್ತ ಕೈಯಾಡಿಸಿದರೆ ಆಯಿತು. ನಿಮಗೆ ಹಾಗಾಗ್ತದಾ?"

ಮಾವ ಸ್ವಲ್ಪ ಹೊತ್ತು ಆ ಐದು ಗುರುತುಗಳನ್ನೇ ನೋಡುತ್ತಿದ್ದರು. "ಹಾಗಾದರೆ ಸರ್ವೆಯವರನ್ನೇ ಕರೆಸುವುದು" ಅಂದರು. ನನ್ನ ಮೇಲೆ ಅವರಿಗೆ ಬೇಸರವಾಗದೇ ಇರಲಿಲ್ಲ. ಆದರೆ ಒಂದು ಪ್ರಿಂಟು ತೆಗೆದು ಕೊಟ್ಟಿದ್ದರೆ ಪಕ್ಕದವರ ಒಂದು ಸಾಲು ಮರಕ್ಕೆ ಕೊಡಲಿ ಬೀಳುತ್ತಿತ್ತೋ ಏನೋ. ತಾಲೂಕಿನಲ್ಲಿ ಅಂಥ ಸುದ್ದಿಗಳನ್ನು ನಾನೇ ಬರೆದಿದ್ದೇನೆ.

ಇದಾದ ಮೇಲೆ ನಾವು ಅಂಕಿಗಳ ವಿಷಯದಲ್ಲಿ ಇನ್ನೂ ಹುಷಾರಾದೆವು. ಡಬ್ಬಿ ಇಡುವವನ ತಪ್ಪು, ಹುಡುಕುವವನ ತಪ್ಪು ಎರಡೂ ಸೇರಿದರೆ ಅಂತರ ದೊಡ್ಡದಾಗುತ್ತದೆ. ಅದಕ್ಕೆ ಉಪಕರಣದಲ್ಲಿ ಸರಾಸರಿ ತೆಗೆಯುವ ಸೌಲಭ್ಯವಿದೆ. ಒಂದೂವರೆ ಗಂಟೆಯಾದರೂ ಬಿಟ್ಟು ನಾಲ್ಕರಿಂದ ಎಂಟು ಸಲ ಅದೇ ಜಾಗವನ್ನು ಅಳೆಯಬೇಕು. ಜಿಯೋಕ್ಯಾಶಿಂಗ್‌ನಲ್ಲಿ ಬಳಸುವುದು ಡಿಗ್ರಿ ಮತ್ತು ದಶಮಾಂಶದ ಮಿನಿಟು. ಮಿನಿಟಿನ ಸಾವಿರದ ಒಂದು ಭಾಗ ಅಂದರೆ ಅಕ್ಷಾಂಶದಲ್ಲಿ ಸುಮಾರು 1.85 ಮೀಟರ್. ಉಪಕರಣದಲ್ಲಿ ಡೇಟಮ್ ಡಬ್ಲ್ಯುಜಿಎಸ್ 84 ಅಂತಲೇ ಇರಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳ ಲೆಕ್ಕ ಬೇರೆ, ಎರಡನ್ನು ಬೆರೆಸಿದರೆ ಜಾಗವೇ ಪಕ್ಕಕ್ಕೆ ಸರಿಯುತ್ತದೆ.

ಡಬ್ಬಿಯನ್ನು ಕಾಡಿನಲ್ಲಿ ಇಡುವುದು ಬೇಡ ಅಂತಲೂ ತೀರ್ಮಾನಿಸಿದೆವು. ನಕ್ಸಲ್ ನಿಗ್ರಹ ದಳ ಆಗ ಓಡಾಡುತ್ತಿದ್ದ ಕಾಡಂಚು ನಮ್ಮದು. ಕೈಯಲ್ಲಿ ಮಿಷನು ಹಿಡಿದು ಪೊದೆಯಲ್ಲಿ ಡಬ್ಬಿ ಹುಡುಕುವ ಅಪರಿಚಿತನನ್ನು ಯಾರು ಏನೆಂದುಕೊಂಡಾರು? ಪರಿಚಯದವರೊಬ್ಬರ ಜಾಗದಲ್ಲಿ ಕಲ್ಲು ಕಡಿದು ಬಿಟ್ಟ ಹಳೆಯ ಕೆಂಪುಕಲ್ಲಿನ ಕೋರೆ ಇದೆ. ಅವರ ಒಪ್ಪಿಗೆ ಕೇಳಿದೆವು. ಊರಿನ ನಾಲ್ಕು ಜನರಿಗೆ, ಬೀಟ್ ಪೊಲೀಸರಿಗೆ ಮೊದಲೇ ಹೇಳಿದೆವು. ಒಳಗಿರುವುದು ಹೊರಗೆ ಕಾಣಬೇಕು ಅಂತ ಪಾರದರ್ಶಕ ಡಬ್ಬಿ ಆರಿಸಿದೆವು. ಏನಿದು, ಯಾರದು ಅಂತ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದ ಚೀಟಿಯನ್ನು ಮೇಲೆ ಅಂಟಿಸಿದೆವು. ಮಂಗಗಳು ಬಿಡಲಾರವು ಅಂತ ತಿನ್ನುವ ಸಾಮಾನು ಏನೂ ಹಾಕಲಿಲ್ಲ. ಗೆದ್ದಲು ಹತ್ತೀತು ಅಂತ ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟೆವು. ನೆಲ ಅಗೆದು ಹೂಳುವುದಕ್ಕೆ ಆಗ ಆಟದ ನಿಯಮದಲ್ಲೇ ಅವಕಾಶವಿರಲಿಲ್ಲ. ಕೋರೆಯ ಗೋಡೆಯ ಒಂದು ಪೊಟರೆ ಸಾಕಾಯಿತು.

ಕೊಳ್ಳಬೇಕು ಅಂತಿರುವವರಿಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಪೇಟೆಯ ಪಾರ್ಕಿನಲ್ಲಿ, ಬಯಲಿನಲ್ಲಿ ಹುಡುಕುವುದಾದರೆ ಫೋನು ಸಾಕು, ದುಡ್ಡು ಉಳಿಸಿ. ಟವರ್ ಇಲ್ಲದ ಕಡೆ ಹೋಗುವುದಾದರೆ ಮೊದಲು ಸೆಲ್ಲು ನೋಡಿ, ಆಮೇಲೆ ಎಷ್ಟು ಬಗೆಯ ಉಪಗ್ರಹ ಹಿಡಿಯುತ್ತದೆ ನೋಡಿ, ಪರದೆಯ ಅಂದ ಕೊನೆಗೆ. ಸಾಧ್ಯವಾದರೆ ಯಾರದ್ದಾದರೂ ಎರವಲು ತಂದು ನೀವು ನಡೆಯುವ ಜಾಗದಲ್ಲೇ ಅಳೆದು ನೋಡಿ, ಅಂಗಡಿಯ ಮುಂದೆ ಎಲ್ಲವೂ ಸರಿಯಾಗಿಯೇ ತೋರಿಸುತ್ತವೆ. ಇಬ್ಬರು ಸೇರಿ ಕೊಂಡರೆ ಯಾವ ಭಾನುವಾರ ಯಾರ ಬಳಿ ಇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ನಮ್ಮ ಡಬ್ಬಿಯ ಪುಸ್ತಕದಲ್ಲಿ ಈವರೆಗೆ ಮೂರು ಹೆಸರುಗಳಿವೆ. ಮಳೆಗಾಲ ಕಳೆದ ಮೇಲೆ ಹೋಗಿ, ನೀರು ಇಳಿದಿದೆಯೋ ನೋಡಿ, ಹೊಸ ಪೆನ್ಸಿಲ್ ಇಟ್ಟು ಬರಬೇಕು.