ಕಪ್ಪಾಗುವ ತನಕ

ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸಿಗೆ ಬಂದ ಮೊದಲ ತಿಂಗಳೇ ನಾನು ಮನೆಯೊಡತಿಯ ನಾಲ್ಕು ಬಾಳೆಹಣ್ಣು ಕಸದ ಬುಟ್ಟಿಗೆ ಹಾಕಿದ್ದೆ. ಸಿಪ್ಪೆ ಪೂರಾ ಕಪ್ಪಾಗಿತ್ತು, ಕೊಳೆತಿದೆ ಅಂದುಕೊಂಡೆ. ಅವರು ಒಂದೊಂದಾಗಿ ಎತ್ತಿ ತೊಳೆದು ಮತ್ತೆ ಫ್ರಿಜ್ಜಿನ ಮೇಲಿಟ್ಟರು. ಬೈಯಲಿಲ್ಲ. 'ಇವತ್ತಷ್ಟೇ ಹದಕ್ಕೆ ಬಂದಿತ್ತು' ಅಂದರು.

ಅವರನ್ನು ಓಣಿಯವರೆಲ್ಲ ದೋನ್ಯಾ ಅನ್ನುತ್ತಾರೆ, ನಮ್ಮಲ್ಲಿ ಅಮ್ಮಾವ್ರೇ ಅಂದ ಹಾಗೆ. ಡೊಮಿನಿಕನ್ ರಿಪಬ್ಲಿಕ್ಕಿನವರು. ಸರ್ವಾಧಿಕಾರಿ ತ್ರುಹಿಯೊ 1961ರಲ್ಲಿ ಹತನಾದ ಮೇಲೆ ಅಲ್ಲಿಂದ ಸಾವಿರಾರು ಜನ ಈ ನಗರಕ್ಕೆ ಬಂದರು. ದೋನ್ಯಾ ಬಂದದ್ದೂ ಆ ಅಲೆಯಲ್ಲೇ.

ಅವರ ಪ್ಲಾತನೊ ನಮ್ಮ ನೇಂದ್ರ ಬಾಳೆಯ ಹತ್ತಿರದ ನೆಂಟ. ಕಾಯಿಯನ್ನು ಬೇಯಿಸಿ ಮಸೆದರೆ ಬೆಳಗಿನ ಮಂಗೂ. ಕರಿದು, ಒತ್ತಿ ಚಪ್ಪಟೆ ಮಾಡಿ, ಮತ್ತೆ ಕರಿದರೆ ತೊಸ್ತೊನೆಸ್. ಕಪ್ಪಾಗುವ ತನಕ ಕಾದರೆ ಮಾದುರೊ. ಒಳಗಿನ ಪಿಷ್ಟ ಅಷ್ಟರಲ್ಲಿ ಸಕ್ಕರೆಯಾಗಿರುತ್ತದೆ. ಅನ್ನ, ಬೀನ್ಸು, ಮಾಂಸ ಸೇರಿದ ಮಧ್ಯಾಹ್ನದ ಊಟಕ್ಕೆ ಅವರು ಲಾ ಬಂದೇರಾ, ಅಂದರೆ ಬಾವುಟ ಅನ್ನುತ್ತಾರೆ. ಅದರ ಪಕ್ಕದಲ್ಲಿ ಈ ಸಿಹಿ. ಹೋಳಿಗೆಯ ಪಕ್ಕದಲ್ಲೇ ಉಪ್ಪಿನಕಾಯಿ ಬಡಿಸುವ ಊರಿನವಳಿಗೆ ಇದೇನೂ ವಿಚಿತ್ರವಲ್ಲ.

ಬಾಳೆ ಆ ದ್ವೀಪದ್ದಲ್ಲ. 1516ರಲ್ಲಿ ತೊಮಾಸ್ ದೆ ಬೆರ್ಲಾಂಗಾ ಎಂಬ ಪಾದ್ರಿ ಕ್ಯಾನರಿ ದ್ವೀಪಗಳಿಂದ ಸಾಂತೊ ದೊಮಿಂಗೊಗೆ ಗಿಡ ತಂದನೆಂದು ದಾಖಲೆಯಿದೆ. ಗಿಡದ ಮೂಲ ಮನೆ ನಮ್ಮ ಏಷ್ಯಾದ ಕಡೆ. ಇದನ್ನು ಹೇಳಿದಾಗ ದೋನ್ಯಾ ನನ್ನನ್ನು ಅನುಮಾನದಿಂದ ನೋಡಿದ್ದರು.

ಕಳೆದ ಚಳಿಗಾಲದಲ್ಲಿ ಅವರ ಸಕ್ಕರೆ ಕಾಯಿಲೆ ಜೋರಾಯಿತು. ಬ್ರಾಂಕ್ಸಿನಿಂದ ಮಗಳು ಬಂದು ಸಕ್ಕರೆ ಡಬ್ಬವನ್ನೇ ಎತ್ತಿಕೊಂಡು ಹೋದಳು. ನನಗೆ ಕಣ್ಣಿಟ್ಟಿರು ಅಂದಳು. ಒಂದು ಭಾನುವಾರ ದೋನ್ಯಾ ಅಡುಗೆಮನೆಯ ಕುರ್ಚಿಯಲ್ಲಿ ಕೂತು, 'ಇಹಾ, ಇವತ್ತು ನೀನು ಮಾಡು' ಅಂದರು. ಇಹಾ ಅಂದರೆ ಮಗಳೇ.

ದಪ್ಪ ತಳದ ಕಾಲ್ದೆರೊದಲ್ಲಿ ಸ್ವಲ್ಪ ಎಣ್ಣೆ. ಹಣ್ಣನ್ನು ಉದ್ದಕ್ಕೆ ಸೀಳಿ ಎರಡೂ ಬದಿ ಕೆಂಪಗೆ ಮಾಡಿದೆ. ದಾಲ್ಚಿನ್ನಿ, ಎರಡು ಲವಂಗ, ಅರ್ಧ ಲೋಟ ನೀರು. ಈಗ ಮೂರು ಚಮಚ ಸಕ್ಕರೆ ಬೀಳಬೇಕು, ಪಾಕ ಬರಬೇಕು. ನನ್ನ ಕೋಣೆಯಲ್ಲಿ ಚಹಾದ ಸಕ್ಕರೆ ಇದೆ ಅನ್ನುವುದು ಅವರಿಗೆ ಗೊತ್ತಿತ್ತು. ನಾನು ಹೋಗಿ ಒಂದು ಕ್ಷಣ ಆ ಬಾಟಲಿ ಹಿಡಿದು ನಿಂತೆ, ಬರಿಗೈಯಲ್ಲಿ ಬಂದು ಮುಚ್ಚಳ ಮುಚ್ಚಿದೆ. ಅಷ್ಟು ಮಾಗಿದ ಹಣ್ಣೂ ಅವರಿಗೆ ಒಳ್ಳೆಯದೇನಲ್ಲ, ಅದೂ ಗೊತ್ತಿತ್ತು.

ಅರ್ಧ ತಿಂದು ಕೇಳಿದರು, 'ಸಕ್ಕರೆ ಎಷ್ಟು ಹಾಕಿದೆ?'

'ಮೂರು ಚಮಚ.'

ನಕ್ಕರು. ಉಳಿದರ್ಧವನ್ನು ನನ್ನ ತಟ್ಟೆಗೆ ದೂಡಿದರು.

ಆ ರಾತ್ರಿ ಪುತ್ತೂರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ. ನಾಲ್ಕು ವರ್ಷದಿಂದ ಅಮ್ಮ ಕೇಳುವುದು ಥೀಸಿಸ್ ಎಲ್ಲಿಗೆ ಬಂತು ಅಂತ, ನಾನು ಹೇಳುವುದು ಮುಗಿಯಿತು ಅಂತ. ನಾನು ಕೇಳುವುದು ಶುಗರ್ ಎಷ್ಟುಂಟು ಅಂತ, ಅವಳು ಹೇಳುವುದು ನಾರ್ಮಲ್ ಅಂತ.

'ಅಮ್ಮಾ, ಒಂದು ಅಧ್ಯಾಯ ಇನ್ನೂ ಶುರುವೇ ಮಾಡಿಲ್ಲ' ಅಂದೆ. 'ನಿನ್ನೆ ಮದುವೆಯಲ್ಲಿ ನೀನು ಎಂತ ತಿಂದದ್ದು?'

ಸ್ವಲ್ಪ ಹೊತ್ತು ಸದ್ದಿಲ್ಲ.

'ಹೋಳಿಗೆ, ಎರಡು' ಅಂದಳು. ಆಮೇಲೆ ತಡೆದು, 'ಪಾಯಸವೂ.'