ಮನೆಯೊಳಗಿನ ಕಡಲಹೂ

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, 34 ವರ್ಷ ಹೈಸ್ಕೂಲಿನ ಹುಡುಗರಿಂದ ಶಬ್ದರೂಪಗಳನ್ನು ಒಪ್ಪಿಸಿಕೊಂಡು, ನಿವೃತ್ತನಾಗಿ ಕುಳಿತ ನನ್ನಂಥವನು ಒಂದು ಕಡಲಪ್ರಾಣಿಯ ಶುಶ್ರೂಷೆಗೆ ನಿಂತುದು ಹೇಗೆಂದು ವಾಚಕರು ಕೇಳಬಹುದು. ನನ್ನ ಹೆಂಡತಿಯು ಈಗಲೂ ಕೇಳುತ್ತಿರುವಳು. ಉತ್ತರವು ಸುಲಭವಾಗಿದೆ: ಮೊಮ್ಮಗನು ಅದನ್ನು ನನಗೆ ಒಪ್ಪಿಸಿ ಹೋದನು.

ಅವನು ನಮ್ಮಲ್ಲಿಯೇ ಇದ್ದು ಓದುತ್ತಿದ್ದಾಗ ಪಡಸಾಲೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಇಟ್ಟು, ಉಪ್ಪುನೀರು ತುಂಬಿ, ಒಂದು ವರ್ಷ ಬರಿಯ ಕಲ್ಲನ್ನೂ ಮರಳನ್ನೂ ನೋಡುತ್ತ ಕುಳಿತಿದ್ದನು. ನೀರು ಪಳಗಬೇಕು ಎನ್ನುತ್ತಿದ್ದನು. ಆಮೇಲೆ ಅವನ ತಂದೆಯು ಬೆಂಗಳೂರಿನ ಅಂಗಡಿಯೊಂದರಿಂದ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಒಂದು ಅನಿಮೋನನ್ನೂ ಕೆಂಪು ಬಿಳುಪು ಪಟ್ಟೆಯ ಎರಡು ಮೀನುಗಳನ್ನೂ ರಾತ್ರಿಯ ಬಸ್ಸಿನಲ್ಲಿ ತಂದುಕೊಟ್ಟನು. ನಾನು ಅನಿಮೋನನ್ನು ಕಡಲಹೂ ಎಂದೇ ಕರೆಯುತ್ತ ಬಂದಿದ್ದೇನೆ. ಹತ್ತನೆಯ ತರಗತಿ ಮುಗಿಸಿದ ಹುಡುಗನು ಹುಬ್ಬಳ್ಳಿಗೆ ಹೊರಟಾಗ, “ಅಜ್ಜಾ, ಹೆಚ್ಚು ಮುಟ್ಟುವುದು ಬೇಡ” ಎಂದಷ್ಟೇ ಹೇಳಿ ಹೋದನು.

ಹೆಸರು ಹೂವಾದರೂ ಇದು ಹೂವಲ್ಲ. ಕೆಳಗೆ ಬಂಡೆಯನ್ನು ಹಿಡಿಯುವ ಒಂದು ಪಾದ, ಮೇಲೆ ಒಂದು ಬಾಯಿ, ಬಾಯಿಯ ಸುತ್ತಲೂ ಎಸಳಿನಂತೆ ತೂಗುವ ಕೈಗಳು. ಉಣ್ಣುವುದೂ ಉಂಡುದರ ಕಸವನ್ನು ಹೊರಹಾಕುವುದೂ ಒಂದೇ ಬಾಯಿಯಿಂದ. ಕಣ್ಣಿಲ್ಲ, ಮಿದುಳಿಲ್ಲ. ಕೈಗಳ ಚರ್ಮದಲ್ಲಿ ವಿಷದ ಸಣ್ಣ ದಾರಗಳು ಸುರುಳಿ ಸುತ್ತಿಕೊಂಡಿದ್ದು, ಸೋಕಿದೊಡನೆ ಬಾಣದಂತೆ ಹೊರಡುವುವು. ಪಟ್ಟೆಮೀನುಗಳಿಗೆ ಮಾತ್ರ ಅದರಿಂದ ಬಾಧೆಯಿಲ್ಲ. ಅವು ಆ ಕೈಗಳ ನಡುವೆಯೇ ಮಲಗುವುವು. ಇದರ ಮಾಂಸದೊಳಗೆ ಬರಿಗಣ್ಣಿಗೆ ಕಾಣದ ಪಾಚಿಯು ವಾಸವಾಗಿದ್ದು, ಬೆಳಕಿನಿಂದ ಅನ್ನವನ್ನು ಮಾಡಿ ಆಶ್ರಯ ಕೊಟ್ಟವನಿಗೂ ಪಾಲು ಕೊಡುತ್ತದೆ. ಆದುದರಿಂದಲೇ ತೊಟ್ಟಿಯ ಮೇಲೆ ಪ್ರಖರವಾದ ದೀಪ. ಸೆಕೆ ಮಿತಿಮೀರಿದರೆ ಕಡಲಹೂವು ಆ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಹವಳದ ದಿಬ್ಬಗಳು ಬಿಳಿಚಿಕೊಳ್ಳುವುದೂ ಇದೇ ಬಗೆಯಲ್ಲಿ.

ಬೆಳಕಿನ ಊಟವೊಂದೇ ಸಾಲದೆಂದು ವಾರಕ್ಕೊಮ್ಮೆ ಸಿಗಡಿಯ ಚೂರನ್ನೂ ಕೊಡಬೇಕಾಗಿತ್ತು. ಈರುಳ್ಳಿಯೂ ಹಬ್ಬದ ದಿನ ಒಳಗೆ ಬಾರದ ಮನೆ ನಮ್ಮದು. ಮೊದಲನೆಯ ವಾರ ನಾನು ತೋಟದ ಹಿಂಬಾಗಿಲಿನಲ್ಲಿ ಮೀನು ಮಾರುವ ಹೆಂಗಸನ್ನು ಕರೆದು, ಒಂದು ಸಿಗಡಿಯನ್ನು ಕೇಳಿದೆನು. “ಒಂದೇ ಸಾಕಾ ಮಾಸ್ತರ್ರೇ?” ಎಂದು ಅವಳು ಬುಟ್ಟಿಯನ್ನಿಳಿಸಿ ನಕ್ಕ ನಗು ಬೀದಿಯ ಕೊನೆಯವರೆಗೆ ಕೇಳಿಸಿತು. ದುಡ್ಡನ್ನು ಮಾತ್ರ ಆಕೆಯು ಇಂದಿಗೂ ತೆಗೆದುಕೊಂಡಿಲ್ಲ. ಚೂರನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ನೀರಿಗಿಳಿಸಿದಾಗ ಕೈಗಳು ಒಂದೊಂದಾಗಿ ಬಾಗಿ, ಅವಸರವಿಲ್ಲದೆ ಅದನ್ನು ಬಾಯಿಗೆ ಸಾಗಿಸಿದುವು. ಹೆಂಡತಿಯು ಅಡಿಗೆಮನೆಯ ಬಾಗಿಲಿನಿಂದ ನೋಡುತ್ತಿದ್ದು, “ಇಕ್ಕಳವನ್ನು ಒಳಗೆ ತರಬೇಡಿ” ಎಂದಳು.

ಇನ್ನು ನೀರಿನ ವಿಚಾರ. ತೊಟ್ಟಿಯ ನೀರು ದಿನವೂ ಆವಿಯಾಗುವುದು, ಉಪ್ಪು ಆಗುವುದಿಲ್ಲ. ಹಾಗಾಗಿ ಇಳಿದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರನ್ನು ತುಂಬಿದರೆ ಉಪ್ಪು ಏರುತ್ತ ಹೋಗುವುದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕಡಲಿನ ಪ್ರಮಾಣ. ಇದನ್ನು ನಾನು ಚೆನ್ನಾಗಿ ತಿಳಿದುಕೊಂಡಿದ್ದೆನು. ಹುಡುಗನು ಶೋಧಿಸಿದ ನೀರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಟ್ಟು ಹೋಗಿದ್ದನು. ಅದು ತೀರಿದ ಮೇಲೆ, ಪ್ಲಾಸ್ಟಿಕ್ಕಿನ ನೀರಿಗಿಂತ ಶುದ್ಧವಾದುದನ್ನು ಕೊಡೋಣವೆಂದು, ನಮ್ಮ ಬಾವಿಯ ನೀರನ್ನು ದೇವರ ಮನೆಯ ತಾಮ್ರದ ಕೊಡದಲ್ಲಿ ರಾತ್ರಿಯೆಲ್ಲ ಇಟ್ಟು, ಬೆಳಗ್ಗೆ ಸ್ನಾನವಾದ ಮೇಲೆ ಎರೆಯತೊಡಗಿದೆನು. ಇದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತೆಂಬುದನ್ನು ಮುಚ್ಚಿಡಲಾರೆನು.

ಎರಡು ತಿಂಗಳಲ್ಲಿ ಗಾಜನ್ನು ನೆಕ್ಕುತ್ತಿದ್ದ ಬಸವನಹುಳುಗಳು ಕಾಣೆಯಾದುವು. ಎಲ್ಲಿಯೋ ಅಡಗಿರಬೇಕೆಂದುಕೊಂಡೆನು. ಬಳಿಕ ಕಡಲಹೂವು ಹಗಲಿನಲ್ಲಿಯೂ ಮುದುಡತೊಡಗಿತು. ನಾನು ದೀಪವನ್ನು ಹೆಚ್ಚಿಸಿದೆನು, ಸಿಗಡಿಯನ್ನು ಹೆಚ್ಚಿಸಿದೆನು. ನುಂಗಿದುದನ್ನು ಮರುದಿನ ಉಗುಳಿತು. ಮತ್ತೂ ಒಂದು ಕೊಡ ಹೆಚ್ಚು ನೀರನ್ನು ಎರೆದೆನು. ಒಂದು ಮುಂಜಾನೆ ಪಾದವು ಕಲ್ಲನ್ನು ಬಿಟ್ಟು, ಬಾಯಿ ತೆರೆದುಬಿದ್ದು, ತೊಟ್ಟಿಯೆಲ್ಲ ಕೊಳೆತ ವಾಸನೆಯಾಗಿತ್ತು. ಮೀನುಗಳೆರಡೂ ಆರೋಗ್ಯವಾಗಿಯೇ ಇದ್ದು, ಆ ಚಿಂದಿಯ ಸುತ್ತ ಸುಳಿಯುತ್ತಿದ್ದುವು. ಅದನ್ನು ನಾನು ತೆಂಗಿನ ಮರದ ಬುಡದಲ್ಲಿ ಹೂಳಿದೆನು.

ಫೋನಿನಲ್ಲಿ ಹುಡುಗನು ಉಪ್ಪಿನ ಪ್ರಮಾಣ ಕೇಳಿದನು, ಶಾಖ ಕೇಳಿದನು, ಎಲ್ಲವೂ ಸರಿಯಾಗಿದ್ದುವು. ಕೊನೆಗೆ, “ನೀರು ತುಂಬಿಡುವುದು ಯಾವ ಪಾತ್ರೆಯಲ್ಲಿ?” ಎಂದನು. ಹೇಳಿದೆನು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. “ಆಯಿತಜ್ಜಾ, ಊಟ ಆಯಿತೇ?” ಎಂದು ಕೇಳಿ ಇಟ್ಟುಬಿಟ್ಟನು.

ತಾಮ್ರಕ್ಕೆ ಶುಲ್ಬ, ಉದುಂಬರ ಮುಂತಾದ ಪರ್ಯಾಯಪದಗಳನ್ನು ಹತ್ತನೆಯ ವಯಸ್ಸಿನಲ್ಲಿಯೇ ಉರುಹೊಡೆದವನು ನಾನು. ಅದು ಬೆನ್ನೆಲುಬಿಲ್ಲದ ಕಡಲಪ್ರಾಣಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷವೆಂದು ತಿಳಿದುದು 68ನೆಯ ವಯಸ್ಸಿನಲ್ಲಿ. ಮೀನಿನ ಕೆಲವು ರೋಗಗಳಿಗೆ ಅದೇ ತಾಮ್ರವನ್ನು ಔಷಧವಾಗಿ ನೀರಿಗೆ ಬೆರೆಸುವರಂತೆ. ಕೊಡದ ನೀರು ನಮಗೆ ಒಳ್ಳೆಯದೆನ್ನುವುದು ಅದು ಕಣ್ಣಿಗೆ ಕಾಣದ ಕ್ರಿಮಿಗಳನ್ನು ಕೊಲ್ಲುವುದರಿಂದ. ಕೊಲ್ಲುವ ಆ ಗುಣವು ಕ್ರಿಮಿಗಳಲ್ಲಿಯೇ ನಿಲ್ಲಬೇಕೆಂದು ನಾನು ಭಾವಿಸಿದ್ದುದಕ್ಕೆ ಆಧಾರವೇನಿತ್ತು?

ಆ ದಿನಗಳಲ್ಲಿ ಒಂದು ಸಂಗತಿಯನ್ನು ಓದಿದೆನು. ಸ್ಕಾಟ್ಲೆಂಡಿನ ಸರ್ ಜಾನ್ ಗ್ರಹಾಂ ಡಾಲಿಯಲ್ ಎಂಬವರು 1828ರಲ್ಲಿ ನಾರ್ತ್ ಬರ್ವಿಕ್ ಎಂಬಲ್ಲಿಯ ಬಂಡೆಗಳಿಂದ ಒಂದು ಕಡಲಹೂವನ್ನು ತಂದು ಮನೆಯಲ್ಲಿ ಗಾಜಿನ ಜಾಡಿಯಲ್ಲಿಟ್ಟು ಸಾಕಿದರು. ವಿದ್ಯುತ್ತಿಲ್ಲ, ಪಂಪಿಲ್ಲ, ಕಡಲಿನ ನೀರನ್ನು ತರಿಸಿ ಬದಲಾಯಿಸುತ್ತಿದ್ದರು, ಅಷ್ಟೆ. (ಆ ಜಾತಿಗೆ ಪಾಚಿಯ ಹಂಗಿಲ್ಲದ್ದರಿಂದ ದೀಪವೂ ಬೇಕಾಗಿರಲಿಲ್ಲ.) ತಮ್ಮ ನಾಡಿನ ಮೂಢನಂಬಿಕೆಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದವರೂ ಇವರೇ ಎಂದು ತಿಳಿದಾಗ ನನಗೆ ತುಸು ನಾಚಿಕೆಯಾಯಿತು. ಡಾಲಿಯಲ್ ಅವರು 1851ರಲ್ಲಿ ತೀರಿಕೊಂಡರು, ಕಡಲಹೂವು ತೀರಿಕೊಳ್ಳಲಿಲ್ಲ. ಒಬ್ಬರಿಂದೊಬ್ಬರ ಕೈಗೆ ಹೋಗಿ, ನೂರಾರು ಮರಿಗಳನ್ನಿಟ್ಟು, ‘ಅಜ್ಜಿ’ ಎಂದು ಹೆಸರಾಗಿ, ಎಡಿನ್‌ಬರೋದಲ್ಲಿ 1887ರವರೆಗೆ ಬದುಕಿತು. ಸಾಕಿದವರು ಮುದುಕರಾದರು, ಅದು ಆಗಲಿಲ್ಲ.

ನಮ್ಮ ತೊಟ್ಟಿಯ ಕಲ್ಲು ಮರಳುಗಳು ತಾಮ್ರವನ್ನು ಹೀರಿಕೊಂಡಿದ್ದುದರಿಂದ ಎಲ್ಲವನ್ನೂ ಹೊರಹಾಕಿ ಹೊಸದಾಗಿ ಹೂಡಬೇಕಾಯಿತು. ಎಂಟು ತಿಂಗಳು ನಾನೂ ಬರಿಯ ನೀರನ್ನು ನೋಡುತ್ತ ಕುಳಿತೆನು. ಎರಡನೆಯ ಕಡಲಹೂವು ಬಂದ ರಾತ್ರಿಯೇ ಇಟ್ಟ ಕಲ್ಲನ್ನು ಬಿಟ್ಟು, ಪಾದವನ್ನು ಎಳೆದುಕೊಂಡು ಹೊರಟಿತು. ಪಂಪಿನ ಬಾಯಿಗೆ ಸಿಕ್ಕರೆ ಕೊಚ್ಚಿಹೋಗುವುದೆಂದು ಹೆಂಡತಿಯೇ ತನ್ನ ಹಳೆಯ ಜರಡಿಯ ಪ್ಲಾಸ್ಟಿಕ್ ಬಲೆಯನ್ನು ಕತ್ತರಿಸಿ ಕೊಟ್ಟಳು. ಮೂರು ದಿನ ತಿರುಗಿ ಅದು ಹಿಂಬದಿಯ ಬಿರುಕೊಂದರಲ್ಲಿ ನೆಲಸಿದೆ. ಅಲ್ಲಿಂದ ಕಿತ್ತರೆ ಪಾದ ಹರಿಯುವುದು, ಹರಿದರೆ ಉಳಿಯುವುದು ಕಷ್ಟ. ಆದುದರಿಂದ ಅದನ್ನು ನೋಡಬೇಕಾದವರು ನಮ್ಮ ಮನೆಯಲ್ಲಿ ಗೋಡೆಗೆ ಕೆನ್ನೆಯಿಟ್ಟು ಬಗ್ಗಬೇಕು.

ನನ್ನ ತರುವಾಯ ನೋಡಿಕೊಳ್ಳುವವರಿಗೆಂದು ಒಂದು ಹೊತ್ತಗೆಯಲ್ಲಿ ಎಲ್ಲವನ್ನೂ ಬರೆದು ತೊಟ್ಟಿಯ ಕೆಳಗೆ ಇಟ್ಟಿದ್ದೇನೆ. ಕಳೆದ ದೀಪಾವಳಿಗೆ ಬಂದ ಮೊಮ್ಮಗನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದನು. ಉಪ್ಪಿನ ಲೆಕ್ಕದಲ್ಲಿ ಒಂದು ತಪ್ಪಿತ್ತಂತೆ. ನನ್ನ ಪೆನ್ಸಿಲನ್ನೇ ಕೇಳಿ ಪಡೆದು ತಿದ್ದಿದನು.